ಸೋರುವ ಮಾಳಿಗೆಯ ಕೆಳಗೆ

ಕೆಲವು ತಿಂಗಳ ಹಿಂದೆ ಇದೇ ಅಂಕಣದಲ್ಲಿ ನಮ್ಮ ಮನೆಯ ಮಹಡಿ ಸೋರುವ ಕಥೆಯನ್ನು ತೋಡಿಕೊಂಡಿದ್ದೆ. ತಾರಸಿಗೆ ಎರಡು ಸಲ ಗಾರೆ ಹಾಕಿಸಿದ್ದನ್ನೂ, ಆದರೂ ಪೂಜೆಯ ಕೋಣೆಯಲ್ಲಿ ದೇವರ ನೆತ್ತಿಯ ಮೇಲೆಯೇ ಹನಿ ಬೀಳುತ್ತಿರುವುದನ್ನೂ, ನಮ್ಮಾಕೆ ಅದಕ್ಕೆ ‘ನಿತ್ಯಾಭಿಷೇಕ’ವೆಂದು ಹೆಸರಿಟ್ಟಿದ್ದನ್ನೂ ಓದಿದ ವಾಚಕರನೇಕರು ಸಹಾನುಭೂತಿಯ ಕಾಗದಗಳನ್ನು ಬರೆದರು. ಇಬ್ಬರು ಮಹನೀಯರು ಒಳ್ಳೆಯ ಮೇಸ್ತ್ರಿಗಳ ವಿಳಾಸಗಳನ್ನೇ ಕಳುಹಿಸಿಕೊಟ್ಟರು. ನನ್ನ ತಮ್ಮನ ಮಗಳು ಮಾತ್ರ ಕಾಗದವನ್ನೂ ಬರೆಯಲಿಲ್ಲ, ಮೇಸ್ತ್ರಿಯನ್ನೂ ಸೂಚಿಸಲಿಲ್ಲ. ಭಾನುವಾರ ಬೆಳಿಗ್ಗೆ ಬಂದವಳು, ಕಾಫಿಯ ಲೋಟವನ್ನು ಇನ್ನೂ ಕೆಳಗಿಡುವ ಮೊದಲೇ, ತನ್ನ ಮೊಬೈಲನ್ನು ನನ್ನ ಕಿವಿಯ ಬಳಿ ಹಿಡಿದು, “ದೊಡ್ಡಪ್ಪ, ನಿಮ್ಮ ಸೋರೋ ಮನೆಗೆ ಇದೇ ಔಷಧಿ, ಕೇಳಿ” ಎಂದಳು.

ಕೇಳಿದೆ. ಶಿಶುನಾಳ ಷರೀಫ ಸಾಹೇಬರ ಪದ. ಸೋರುವ ಮಾಳಿಗೆಯ ನೆವದಲ್ಲಿ ಮನುಷ್ಯನ ಒಳಮನೆಯ ಸ್ಥಿತಿಯನ್ನು ಹಾಡಿದ ಆ ಪದವನ್ನು ಅರಿಯದ ಕನ್ನಡಿಗರುಂಟೆ? ನನ್ನ ತಲೆಮಾರಿನವರಿಗಂತೂ ಷರೀಫರ ಪದಗಳೆಂದರೆ ಸಿ. ಅಶ್ವತ್ಥರ ಕಂಠ. 1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಷರೀಫ’ ಚಿತ್ರ ಬಂದಾಗ ಅಶ್ವತ್ಥರ ಸಂಗೀತಕ್ಕಾಗಿಯೇ ಅದನ್ನು ಮೂರು ಸಲ ನೋಡಿದವನು ನಾನು. ಅಂಥ ಪದವನ್ನು ಈಗ ಯಾರೋ ಗಿಟಾರಿನ ಜೊತೆಯಲ್ಲಿ, ಬೇರೆಯೇ ಧಾಟಿಯಲ್ಲಿ ಹಾಡುತ್ತಿದ್ದಾರೆ! ಮೊದಲ ಅರ್ಧ ನಿಮಿಷ ನನಗೆ ಬಂದದ್ದು ಕೋಪ. ಮತ್ತರ್ಧ ನಿಮಿಷದಲ್ಲಿ ಕೋಪ ಕಡಿಮೆಯಾಗಿ, ‘ಇರಲಿ, ಕಂಠವೇನೋ ತುಂಬಿದ ಕಂಠ’ ಎಂಬಷ್ಟು ಔದಾರ್ಯ ತೋರಿತು. ಹಾಡು ಮುಗಿಯುವ ಹೊತ್ತಿಗೆ ನಾನು ಕೈಯಲ್ಲಿದ್ದ ಪತ್ರಿಕೆಯನ್ನು ಮಡಿಸಿಟ್ಟಿದ್ದೆ. “ಇನ್ನೊಂದು ಸಲ ಹಾಕಮ್ಮ” ಎಂದು ಕೇಳುವುದಕ್ಕೆ ನಾಚಿಕೆಯಾಯಿತು. ಆದರೂ ಕೇಳಿದೆ.

ಹಾಡಿದವರು ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್. ಸೂಕ್ಷ್ಮಜೀವಿ ಶಾಸ್ತ್ರವನ್ನು ಓದಿ, ಭರತನಾಟ್ಯವನ್ನು ಕಲಿತು, ಕಾಲೇಜಿನ ಸಹಪಾಠಿಯೊಬ್ಬನ ಮೇಲೆ ಪಂತ ಕಟ್ಟಿ ಗಿಟಾರನ್ನು ಕೈಗೆತ್ತಿಕೊಂಡವರು. ತಮ್ಮ ಹಾಡುಗಳನ್ನು ಹಿಡಿದುಕೊಂಡು ಮುಂಬಯಿಯ ಧ್ವನಿಮುದ್ರಣ ಕಂಪನಿಗಳ ಬಾಗಿಲುಗಳನ್ನು ವರ್ಷಗಟ್ಟಲೆ ತಟ್ಟಿದರೂ ಯಾರೂ ತೆರೆಯಲಿಲ್ಲ. ಕೊನೆಗೆ ವಿಶಾಲ್–ಶೇಖರ್ ಎಂಬ ಚಿತ್ರಸಂಗೀತದ ಜೋಡಿ ಅವರ ಹಾಡನ್ನು ಕೇಳಿ, ಸ್ವಂತವಾಗಿ ಒಂದು ಸಂಸ್ಥೆಯನ್ನೇ ತೆರೆದು, 2008ರಲ್ಲಿ ಅವರ ಮೊದಲನೆಯ ಸಂಪುಟವನ್ನು ಹೊರತಂದರು. ಅದರಲ್ಲಿ ಷರೀಫರ ಪದಗಳು ಎರಡು. ಮುಂಬಯಿಯಲ್ಲಿ ಪವಾಡಕ್ಕಾಗಿ ಕಾದು ಕುಳಿತವನ ಹಾಡೂ ಒಂದುಂಟು; ಅದನ್ನು ಕೇಳಿದಾಗ ಬಾಗಿಲು ತಟ್ಟಿದ ವರ್ಷಗಳು ಕಣ್ಣಿಗೆ ಕಟ್ಟುತ್ತವೆ.

2008! ಈ ಊರಿನಲ್ಲಿ, ನನ್ನ ಮೂಗಿನ ಕೆಳಗೆ, ಇಷ್ಟು ವರ್ಷಗಳಿಂದ ಇಂಥದೊಂದು ನಡೆಯುತ್ತಿದ್ದರೂ ನನಗೆ ತಿಳಿಯಲಿಲ್ಲವಲ್ಲ!

“ಇದಕ್ಕೆ ಏನೆನ್ನುತ್ತಾರೆ?” ಎಂದು ವಿಚಾರಿಸಿದೆ.

“ಇಂಡೀ ಬ್ಯಾಂಡು ದೊಡ್ಡಪ್ಪ.”

“ಇಂಡಿಯವರೆ? ಮೈಸೂರಿನವರೆಂದೆಯಲ್ಲ?”

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕು ನಿಂಬೆಹಣ್ಣಿಗೆ ಹೆಸರಾದುದನ್ನು ನಾನು ಬಲ್ಲೆ. ಬ್ಯಾಂಡಿಗೂ ಹೆಸರಾಯಿತೇನೋ ಎಂದುಕೊಂಡಿದ್ದೆ. ಮಗು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ವಿವರಿಸಿದಳು. ಇಂಡೀ ಎಂದರೆ ಇಂಡಿಪೆಂಡೆಂಟ್ ಎಂಬುದರ ಮೊಟಕು ರೂಪ, ಸ್ವತಂತ್ರ. ದೊಡ್ಡ ಕಂಪನಿಯ ಹಂಗಿಲ್ಲ, ಸಿನಿಮಾದ ಹಂಗಿಲ್ಲ. ಹಾಡು ಕಟ್ಟುವವರು ಅವರೇ, ನುಡಿಸುವವರು ಅವರೇ, ಧ್ವನಿಮುದ್ರಣಕ್ಕೆ ದುಡ್ಡು ಹೊಂದಿಸುವವರು ಅವರೇ, ಮಾರುವವರೂ ಅವರೇ. ನಷ್ಟವಾದರೆ ಅನುಭವಿಸುವವರೂ ಅವರೇ ಎಂಬುದನ್ನು ಅವಳು ಹೇಳಲಿಲ್ಲ. ನಲವತ್ತು ವರ್ಷ ಬ್ಯಾಂಕಿನಲ್ಲಿ ಲೆಕ್ಕ ಬರೆದ ನನಗೆ ಅದು ತಾನಾಗಿಯೇ ಹೊಳೆಯಿತು.

ಬ್ಯಾಂಡೆಂಬ ಶಬ್ದವೂ ನನಗೆ ಬೇರೆಯೇ ಅರ್ಥದ್ದು. ಮದುವೆಯ ಮೆರವಣಿಗೆಯಲ್ಲಿ ಕೆಂಪು ಕೋಟು ತೊಟ್ಟು ಬಿಸಿಲಿನಲ್ಲಿ ಬೆವರುವವರು, ದಸರೆಯ ಜಂಬೂ ಸವಾರಿಯಲ್ಲಿ ಹೆಜ್ಜೆ ಹಾಕುವ ಪೊಲೀಸರು, ಕಬ್ಬನ್ ಪಾರ್ಕಿನ ಆ ಎಂಟು ಮೂಲೆಯ ಮಂಟಪ, ಇಷ್ಟೇ ನನ್ನ ಬ್ಯಾಂಡಿನ ಪ್ರಪಂಚ. ನಾಲ್ಕಾರು ಹುಡುಗರು ಕೂಡಿ ತಮ್ಮ ಮನಸ್ಸಿನ ಮಾತನ್ನು ತಾವೇ ಹಾಡು ಕಟ್ಟಿ ನುಡಿಸುವ ಬ್ಯಾಂಡನ್ನು ನಾನು ಅರಿಯೆ. ಹೀಗೆಂದು ಬರೆದ ಮೇಲೆ ತಿದ್ದಬೇಕೆನಿಸುತ್ತದೆ. ಅರಿಯೆನೆಂಬುದು ಪೂರ್ತಿ ನಿಜವಲ್ಲ. ಆ ಮಾತಿಗೆ ಆಮೇಲೆ ಬರುತ್ತೇನೆ.

ಆ ದಿನದಿಂದ ಈಗ ಎರಡು ತಿಂಗಳಾಯಿತು. ಈ ಎರಡು ತಿಂಗಳಲ್ಲಿ ನಾನು ಹುಚ್ಚು ಹಿಡಿದವನಂತೆ ಕೇಳಿದ್ದೇನೆ. ಬೆಳಗಿನ ವಾಯುಸಂಚಾರಕ್ಕೆ ಹೊರಟರೆ ಕಿವಿಯಲ್ಲಿ ಬಿರಡೆ. ಎದುರಿಗೆ ಬಂದ ಸ್ನೇಹಿತರು ನಮಸ್ಕಾರ ಹೇಳಿದರೂ ಕೇಳಿಸುವುದಿಲ್ಲ. “ಈ ವಯಸ್ಸಿನಲ್ಲಿ ಕಿವಿ ಮಂದವಾಗೋದು ಸಹಜ; ಇವರು ಬೇಕೂಂತ ಮುಚ್ಚಿಕೊಂಡು ಓಡಾಡ್ತಾರೆ” ಎಂದು ನಮ್ಮಾಕೆ ನೆರೆಮನೆಯವರ ಮುಂದೆ ಹೇಳಿದ್ದು ಬಿರಡೆಯ ನಡುವೆಯೂ ನನಗೆ ಕೇಳಿಸಿತು.

ಕೇಳಿದ್ದರಲ್ಲಿ ಮನಸ್ಸಿಗೆ ಹಿಡಿದ ಕೆಲವನ್ನು ಹೇಳುತ್ತೇನೆ. ನಮ್ಮ ಬೆಂಗಳೂರಿನದೇ ಆದ ಸ್ವರಾತ್ಮ ಎಂಬ ತಂಡವೊಂದಿದೆ. 2009ರ ಅವರ ಮೊದಲ ಸಂಪುಟದಲ್ಲಿ ಕನ್ನಡವೂ ಉಂಟು, ಹಿಂದಿಯೂ ಉಂಟು. ಕಾವೇರಿಯ ನೀರಿನ ಜಗಳವನ್ನು ಕುರಿತ ಹಾಡೊಂದಿದೆ. ಎರಡೂ ರಾಜ್ಯದವರು ಬೀದಿಗಿಳಿದು ಕೂಗಿದ್ದನ್ನು ಕೇಳಿ ಕೇಳಿ ಕಿವುಡಾದ ನಮಗೆ, ಬಾಯಾರಿಕೆಯ ಮಾತನ್ನು ಹೀಗೂ ಆಡಬಹುದೆಂದು ತೋರುವುದು ಸಾಮಾನ್ಯ ಸಂಗತಿಯಲ್ಲ. ಥರ್ಮಲ್ ಅಂಡ್ ಎ ಕ್ವಾರ್ಟರ್ ಎಂಬ ಇನ್ನೊಂದು ತಂಡ 1996ರಿಂದ ಇದೇ ಊರಿನಲ್ಲಿದೆ. ಮೊದಲಿಗೆ ಇದ್ದವರು ಮೂವರು ಮಲಯಾಳಿಗಳು, ಮತ್ತೊಬ್ಬರು ಕಾಲು ಪಾಲು; ಅದರಿಂದ ಆ ಚಮತ್ಕಾರದ ಹೆಸರು. ಹಾಡೆಲ್ಲ ಇಂಗ್ಲಿಷು. ಆದರೂ 2012ರಲ್ಲಿ ಆಟೋರಿಕ್ಷಾವನ್ನೇ ನೆವವಾಗಿಟ್ಟುಕೊಂಡು, ಮೂರು ಚಕ್ರಕ್ಕೆ ಮೂರು ತಟ್ಟೆಯಂತೆ ಹಾಡು ತಂದವರು ಬೆಂಗಳೂರಿನವರಲ್ಲದೆ ಮತ್ತಾರಾಗಿರಲು ಸಾಧ್ಯ? ನಮ್ಮ ಆಟೋದವರು ಕೇಳುವುದು ‘ಮೀಟರ್ ಮೇಲೆ ಅರ್ಧ’. ಇವರು ಕಾಲಿಗೇ ತೃಪ್ತರಾದರೆಂದು ನಾನು ತಮಾಷೆ ಮಾಡಿದೆ. ಮಗು ನಗಲಿಲ್ಲ. ಇವರ ತಾಳದ ಲೆಕ್ಕಾಚಾರ ಮಾತ್ರ ಬಹು ಕಠಿಣ. ಎರಡು ಸಲ ಕೈಯಲ್ಲಿ ತಾಳ ಹಾಕಲು ಹೋಗಿ ದಾರಿ ತಪ್ಪಿದೆ.

ಇವರೆಲ್ಲರಿಗಿಂತ ನನ್ನನ್ನು ಹಿಡಿದು ನಿಲ್ಲಿಸಿದವರು ದಿಲ್ಲಿಯ ಇಂಡಿಯನ್ ಓಶನ್ ತಂಡದವರು. ಅವರ ‘ಕಂದೀಸಾ’ 2000ದಲ್ಲಿ ಬಂದದ್ದು. ಕೇರಳದ ಸಿರಿಯನ್ ಕ್ರೈಸ್ತರ ಪುರಾತನ ಪ್ರಾರ್ಥನೆಯೊಂದು ಆ ಸಂಪುಟಕ್ಕೆ ಹೆಸರು ಕೊಟ್ಟಿದೆ. ನರ್ಮದೆಯ ದಡದ ಹಾಡೂ ಅದರಲ್ಲಿದೆ. ಭಾಷೆ ತಿಳಿಯದು. ಆದರೆ ನಡುರಾತ್ರಿ ಕೇಳುವಾಗ, ತಿಳಿಯದ ಭಾಷೆಯ ದೇವಸ್ಥಾನವೊಂದರ ಪ್ರಾಕಾರದಲ್ಲಿ ಒಬ್ಬನೇ ಕುಳಿತ ಹಾಗೆ ಆಗುತ್ತದೆ. ತಬಲಾ ನುಡಿಸುತ್ತ ಹಾಡುತ್ತಿದ್ದ ಅಶೀಮ್ ಚಕ್ರವರ್ತಿಯವರು 2009ರ ಡಿಸೆಂಬರಿನಲ್ಲಿ ತೀರಿಕೊಂಡರು. ಅವರ ದನಿಯಿದ್ದ ಸಂಪುಟವನ್ನು ಮರುವರ್ಷ ತಂಡದವರು ತಿಂಗಳಿಗೊಂದು ಹಾಡಿನಂತೆ ಜನಕ್ಕೆ ಉಚಿತವಾಗಿಯೇ ಹಂಚಿದರು. ಅದಕ್ಕೆ ಅವರಿಟ್ಟ ಹೆಸರು, ತಾವು ಅಭ್ಯಾಸ ಮಾಡುತ್ತಿದ್ದ ಕರೋಲ್ ಬಾಗಿನ ಹಳೆಯ ಮನೆಯ ವಿಳಾಸ.

ಇದೇ ತಂಡದ ಒಂದು ಸಂಗತಿ ನನಗೆ ಒಂದು ರಾತ್ರಿ ನಿದ್ರೆಯನ್ನು ಕೆಡಿಸಿತು. 1990ರಲ್ಲಿ ಅವರು ಮೊದಲ ಬಾರಿಗೆ ತಮ್ಮ ಹಾಡುಗಳನ್ನು ಮುದ್ರಿಸಿಕೊಳ್ಳಬೇಕೆಂದಾಗ ಕೈಯಲ್ಲಿ ಕಾಸಿರಲಿಲ್ಲ. ಗಿಟಾರು ನುಡಿಸುವ ಸುಸ್ಮಿತ್ ಸೇನರು ತಮ್ಮ ಗಿಟಾರನ್ನೇ ಮಾರಿ ಆ ಖರ್ಚನ್ನು ಹೊಂದಿಸಿದರು. ಸಂಗೀತವನ್ನು ಉಳಿಸಿಕೊಳ್ಳಲು ವಾದ್ಯವನ್ನು ಮಾರುವುದು! ಇದನ್ನು ಓದಿದಾಗ ಮೊದಲು ನಗು ಬಂತು. ಹೊರಳಿ ಮಲಗಿದ ಮೇಲೆ ನಗು ಬರಲಿಲ್ಲ.

ಇಂಡೀ ಎಂಬ ಮಾತಿನ ಮೂಲವನ್ನು ಹುಡುಕಿಕೊಂಡು ಹೋದರೆ ಅಲ್ಲಿಯೂ ಇದೇ ಪ್ರಶ್ನೆ. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ 1976ರ ಡಿಸೆಂಬರ್ ಕೊನೆಯ ವಾರದಲ್ಲಿ ಬಜ಼್‌ಕಾಕ್ಸ್ ಎಂಬ ಹುಡುಗರ ತಂಡ ಒಂದೇ ದಿನ ಕುಳಿತು ನಾಲ್ಕು ಹಾಡುಗಳನ್ನು ಮುದ್ರಿಸಿತು. ಕಂಪನಿಗಳ ಮುಂದೆ ಕೈ ಚಾಚದೆ ತಮ್ಮದೇ ಒಂದು ಹೆಸರಿನಲ್ಲಿ ಮರು ತಿಂಗಳು ಸಾವಿರ ತಟ್ಟೆಗಳನ್ನು ಒತ್ತಿಸಿದರು. ಖರ್ಚಾದ ಹಣ ಐನೂರು ಪೌಂಡು. ತಟ್ಟೆಯ ಹೊದಿಕೆಯ ಮೇಲೆ ಯಾವ ಹಾಡು ಎಷ್ಟನೆಯ ಸಲಕ್ಕೆ ಸರಿಬಂತೆಂಬುದನ್ನು ಕೂಡ ಅಚ್ಚು ಹಾಕಿಸಿದ್ದರಂತೆ; ಗುಮಾಸ್ತನಾದ ನನಗೆ ಈ ಪ್ರಾಮಾಣಿಕತೆ ಬಹಳ ಹಿಡಿಸಿತು. ಸಾವಿರ ಮುಗಿದು ಮತ್ತೆ ಒತ್ತಿಸಿ, ಕೊನೆಗೆ ಹದಿನಾರು ಸಾವಿರ ಮಾರಿದರು. ಕಂಪನಿಯಿಲ್ಲದೆಯೂ ತಟ್ಟೆ ತರಬಹುದೆಂದು ಆ ದೇಶದ ಊರೂರಿನ ಹುಡುಗರಿಗೆ ಗೊತ್ತಾಯಿತು. ಅಂಥ ತಟ್ಟೆಗಳನ್ನಿಟ್ಟು ಮಾರುವುದಕ್ಕೆ ಲಂಡನ್ನಿನಲ್ಲಿ 1976ರಲ್ಲೇ ತೆರೆದಿದ್ದ ರಫ್ ಟ್ರೇಡಿನಂಥ ಅಂಗಡಿಗಳೂ ಇದ್ದವು.

ಆ ಐನೂರು ಪೌಂಡು ಎಲ್ಲಿಂದ ಬಂತು? ಸ್ನೇಹಿತರೂ ಮನೆಯವರೂ ಕೊಟ್ಟ ಸಾಲ. ತಂಡದ ಪೀಟ್ ಶೆಲ್ಲಿ ಎಂಬ ಹುಡುಗನ ತಂದೆಯೂ ಕೊಟ್ಟವರಲ್ಲಿ ಒಬ್ಬ.

ಇಲ್ಲಿ ನನ್ನ ತಮ್ಮನ ವಿಷಯವನ್ನು ಹೇಳಬೇಕು. ಅವನ ಅಪ್ಪಣೆ ಕೇಳಿಯೇ ಬರೆಯುತ್ತಿದ್ದೇನೆ. “ಬರಕೋ, ನಿನ್ನ ಅಂಕಣ ಯಾರು ಓದ್ತಾರೆ?” ಎಂದು ಅವನು ಅಪ್ಪಣೆ ಕೊಟ್ಟಿದ್ದಾನೆ.

1983ನೆಯ ಇಸವಿ. ನಾವು ಆಗ ಮೈಸೂರಿನಲ್ಲಿದ್ದೆವು. ತಂದೆಯವರು ನಿವೃತ್ತರಾಗಿದ್ದರು, ನಾನು ಬ್ಯಾಂಕಿಗೆ ಸೇರಿ ಐದು ವರ್ಷ, ಮನೆ ನನ್ನ ಸಂಬಳದ ಮೇಲೆ ನಡೆಯುತ್ತಿತ್ತು. ತಮ್ಮ ಕಾಲೇಜಿನ ಕೊನೆಯ ವರ್ಷದಲ್ಲಿದ್ದ. ಅವನೂ ಅವನ ಮೂವರು ಸ್ನೇಹಿತರೂ ಕೂಡಿ ನಮ್ಮ ಹಿತ್ತಲ ಕೊಟ್ಟಿಗೆಯಲ್ಲಿ ಸಂಜೆ ಹೊತ್ತು ಗದ್ದಲ ಮಾಡುತ್ತಿದ್ದರು. ಗದ್ದಲವೆಂದೇ ನಾನು ಅದನ್ನು ಕರೆಯುತ್ತಿದ್ದೆ. ಒಬ್ಬನ ಬಳಿ ಗಿಟಾರು, ಇನ್ನೊಬ್ಬನದು ಚರ್ಚಿನಿಂದ ತಂದ ಹಳೆಯ ಡ್ರಮ್ಮು, ಮತ್ತೊಬ್ಬ ಪಿಟೀಲಿನ ಹುಡುಗ. ಕನ್ನಡದಲ್ಲಿ ತಾವೇ ಹಾಡು ಕಟ್ಟಿಕೊಂಡಿದ್ದರು. ಕುಕ್ಕರಹಳ್ಳಿ ಕೆರೆಯ ಮೇಲೊಂದು, ಸಿಟಿ ಬಸ್ಸಿನ ಕಂಡಕ್ಟರನ ಮೇಲೊಂದು, ಹೀಗೆ. ನಾನು ಬ್ಯಾಂಕಿನಿಂದ ಬಂದರೆ ನಿಲ್ಲಿಸಿಬಿಡುತ್ತಿದ್ದರು. ಅದು ಗೌರವವೆಂದು ನಾನು ತಿಳಿದಿದ್ದೆ.

ಒಂದು ರಾತ್ರಿ ಊಟವಾದ ಮೇಲೆ ತಮ್ಮ ಬಂದು ನಿಂತ. ಬೆಂಗಳೂರಿನಲ್ಲಿ ಒಂದು ಸ್ಟುಡಿಯೋದವರು ನಾಲ್ಕು ಹಾಡು ಮುದ್ರಿಸಿ ಕ್ಯಾಸೆಟ್ಟು ಮಾಡಿಕೊಡುವುದಾಗಿ ಒಪ್ಪಿದ್ದಾರೆ, ಎರಡೂವರೆ ಸಾವಿರ ಬೇಕು, ಮೂವರು ತಮ್ಮ ಪಾಲನ್ನು ಹೊಂದಿಸಿದ್ದಾರೆ, ತನ್ನ ಪಾಲಿನ ಆರುನೂರು ರೂಪಾಯಿ ಸಾಲವಾಗಿ ಬೇಕು, ಕೆಲಸ ಸಿಕ್ಕ ಮೇಲೆ ಹಿಂದಿರುಗಿಸುತ್ತೇನೆ. ಇಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಿದ. ಆರುನೂರು ರೂಪಾಯಿ ಆಗ ಸಣ್ಣ ಮೊತ್ತವಲ್ಲ; ಆದರೆ ನನ್ನ ಬಳಿ ಇತ್ತು. ಇರಲಿಲ್ಲವೆಂದು ಬರೆದರೆ ಈ ಅಂಕಣ ಬರೆಯುವುದರಲ್ಲಿ ಅರ್ಥವಿಲ್ಲ. ಸ್ಕೂಟರಿಗೆಂದು ಕೂಡಿಟ್ಟಿದ್ದೆ. ನಾನು ಹೇಳಿದ್ದು: “ಮೊದಲು ಪರೀಕ್ಷೆ ಮುಗಿಸು. ಹಾಡು ಕೇಳೋಕ್ಕೆ ರೇಡಿಯೋ ಇದೆ.”

ಅವನು ಎದುರಾಡಲಿಲ್ಲ. ಎದುರಾಡಿದ್ದರೆ ಬಹುಶಃ ಕೊಡುತ್ತಿದ್ದೆನೋ ಏನೋ. ಪರೀಕ್ಷೆ ಮುಗಿಸಿದ, ಒಳ್ಳೆಯ ಅಂಕ ಬಂತು, ವಿಮೆಯ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಕೊಟ್ಟಿಗೆ ನಿಶ್ಶಬ್ದವಾಯಿತು. ಗಿಟಾರು ಅಟ್ಟಕ್ಕೆ ಹೋಯಿತು. ಮನೆ ಮಾರಿದಾಗ ಅದು ಏನಾಯಿತೆಂದು ನಾನು ವಿಚಾರಿಸಲಿಲ್ಲ. ಈ ನಲವತ್ತು ವರ್ಷಗಳಲ್ಲಿ ಅವನು ಒಂದು ದಿನವೂ ಆ ಮಾತನ್ನೆತ್ತಿದವನಲ್ಲ. ನಾನು ಮಾತ್ರ, ‘ನನ್ನ ತಮ್ಮನನ್ನು ದಡ ಮುಟ್ಟಿಸಿದವನು ನಾನು’ ಎಂದು ಮದುವೆ ಮುಂಜಿಗಳಲ್ಲಿ ಹತ್ತು ಜನರ ಮುಂದೆ ಹೇಳಿಕೊಂಡದ್ದುಂಟು.

ಮೊನ್ನೆ ಅವನು ಮಗಳನ್ನು ಕರೆದುಕೊಂಡು ಹೋಗಲು ಬಂದ. ನಾವಿಬ್ಬರೂ ಯಾವುದೋ ಹೊಸ ತಂಡದ ಹಾಡನ್ನು ಜೋರಾಗಿ ಹಾಕಿಕೊಂಡು ಕುಳಿತಿದ್ದೆವು. ಬಾಗಿಲಲ್ಲಿ ಚಪ್ಪಲಿ ಬಿಡುತ್ತ ಒಂದು ಗಳಿಗೆ ನಿಂತ. “ಗಿಟಾರಿನ ಮೂರನೇ ತಂತಿ ಒಂದು ಎಳೆ ಇಳಿದಿದೆ” ಎಂದ. ಅಷ್ಟೇ. ಒಳಗೆ ಹೋಗಿ ಅತ್ತಿಗೆಯ ಹತ್ತಿರ ಮಾವಿನಕಾಯಿಯ ಬೆಲೆಯ ಮಾತನ್ನಾಡತೊಡಗಿದ. ಮಗು ಆಶ್ಚರ್ಯದಿಂದ ನನ್ನ ಮುಖ ನೋಡಿದಳು. ತನ್ನ ತಂದೆ ಗಿಟಾರು ನುಡಿಸುತ್ತಿದ್ದನೆಂಬ ಸಂಗತಿಯೇ ಅವಳಿಗೆ ತಿಳಿದಿರಲಿಲ್ಲ. ನಾನು ಹೇಳಿದೆ. ಆರುನೂರು ರೂಪಾಯಿಯ ಮಾತನ್ನು ಆ ದಿನ ಹೇಳಲಿಲ್ಲ. ಈಗ ಇಲ್ಲಿ ಓದಿ ತಿಳಿಯಲಿ.

ಕಲಕತ್ತೆಯ ಒಂದು ತಂಡದ ಕಥೆ ಅಂದಿನಿಂದ ನನ್ನ ತಲೆಯಲ್ಲಿ ಸುತ್ತುತ್ತಿದೆ. ‘ಮಹೀನನ ಕುದುರೆಗಳು’ ಎಂಬರ್ಥದ ‘ಮೊಹೀನೇರ್ ಘೋಡಾಗುಲಿ’ ಎಂಬುದು ಅದರ ಹೆಸರು. ಜೀವನಾನಂದ ದಾಸರ ಕವಿತೆಯೊಂದರಿಂದ ಎತ್ತಿಕೊಂಡದ್ದು. 1975ರಲ್ಲಿ ಗೌತಮ ಚಟ್ಟೋಪಾಧ್ಯಾಯರು ಕಟ್ಟಿದ ತಂಡ. ಏಳು ಜನ. ಅವರಲ್ಲಿ ಗೌತಮರ ಒಡಹುಟ್ಟಿದವರಿದ್ದರು, ಬಂಧುಗಳಿದ್ದರು, ಸ್ನೇಹಿತರಿದ್ದರು. ಒಬ್ಬರು ಆಮೇಲೆ ನಮ್ಮ ಬೆಂಗಳೂರಿಗೇ ಬಂದು ನೆಲೆಸಿದರು. ಬಾವುಲರ ಪದ, ಅಮೆರಿಕದ ಜನಪದ, ಜಾಜ಼್ ಎಲ್ಲವನ್ನೂ ಕಲಸಿ ಬಂಗಾಳಿಯಲ್ಲಿ ತಮ್ಮ ನಗರದ ಹಾಡುಗಳನ್ನು ಹಾಡಿದರು. 1977ರಿಂದ 79ರವರೆಗೆ ವರ್ಷಕ್ಕೊಂದರಂತೆ ಮೂರು ಪುಟ್ಟ ತಟ್ಟೆಗಳನ್ನು ತಂದರು. ರವೀಂದ್ರ ಸಂಗೀತದಲ್ಲಿಯೂ ಸಿನಿಮಾ ಹಾಡಿನಲ್ಲಿಯೂ ತೃಪ್ತರಾಗಿದ್ದ ಊರು ಇವರನ್ನು ಕೇಳಲಿಲ್ಲ. 1981ರ ಹೊತ್ತಿಗೆ ತಂಡ ಚೆದರಿಹೋಯಿತು.

ಆಮೇಲೆ ನಡೆದದ್ದು ಸ್ವಾರಸ್ಯ. ಕೇಳಿದ ಆ ಸ್ವಲ್ಪವೇ ಜನ ಮರೆಯಲಿಲ್ಲ. ಹೊಸ ಹುಡುಗರು ಬಂದರು. ಹಳೆಯ ತಟ್ಟೆಗಳನ್ನು ಹುಡುಕಿದರು. 1995ರಲ್ಲಿ, ಇಪ್ಪತ್ತು ವರ್ಷಗಳ ತರುವಾಯ ಎಂಬರ್ಥದ ಹೆಸರನ್ನಿಟ್ಟು, ಗೌತಮರೇ ಕಿರಿಯ ತಂಡಗಳನ್ನು ಸೇರಿಸಿಕೊಂಡು ಒಂದು ಸಂಕಲನವನ್ನು ಕಲಕತ್ತೆಯ ಪುಸ್ತಕ ಮೇಳದಲ್ಲಿ ಹೊರತಂದರು. ಈ ಸಲ ಊರು ಕೇಳಿತು. ಇಂದು ಬಂಗಾಳದಲ್ಲಿ ಗಿಟಾರು ಹಿಡಿದ ಹುಡುಗನಿಗೆ ಇವರ ಹೆಸರು ಗೊತ್ತಿಲ್ಲವೆಂದರೆ ನಂಬುವವರಿಲ್ಲ. 2006ರಲ್ಲಿ ಇವರ ಒಂದು ಹಾಡಿನ ಧಾಟಿ ಹಿಂದಿಯ ‘ಗ್ಯಾಂಗ್‌ಸ್ಟರ್’ ಚಿತ್ರಕ್ಕೂ ಏರಿ ದೇಶವೆಲ್ಲ ಗುನುಗಿತು. ಗೌತಮರು ಅಷ್ಟರಲ್ಲಿ ಇರಲಿಲ್ಲ, 1999ರಲ್ಲಿ ತೀರಿಕೊಂಡಿದ್ದರು. ಆದರೆ ಮೂರು ಪುಟ್ಟ ತಟ್ಟೆಗಳಿದ್ದುವಲ್ಲ! ಇಪ್ಪತ್ತು ವರ್ಷದ ಮೇಲೆ ಯಾರಾದರೂ ಹುಡುಕಬೇಕಾದರೆ ಹುಡುಕುವುದಕ್ಕೆ ಏನಾದರೂ ಇರಬೇಕು. ಕುಕ್ಕರಹಳ್ಳಿ ಕೆರೆಯ ಹಾಡನ್ನು ಹುಡುಕುವುದಕ್ಕೆ ಏನೂ ಇಲ್ಲ.

ನಾನು ಹುಟ್ಟಿದ ಮೈಸೂರಿನಲ್ಲಿಯೇ ಇದನ್ನು ಚೆನ್ನಾಗಿ ಅರಿತವರೊಬ್ಬರಿದ್ದರು. ರಷ್ಯದಿಂದ ಹೊರಟು ಕೊನೆಗೆ ಲಂಡನ್ನಿನಲ್ಲಿ ನೆಲೆಸಿದ್ದ ನಿಕೊಲಾಯ್ ಮೆಟ್ನರ್ ಎಂಬ ಸಂಗೀತಗಾರರ ಪಿಯಾನೋ ಕೃತಿಗಳನ್ನು ಲೋಕ ಮರೆಯುತ್ತಿದ್ದಾಗ, ಎರಡನೆಯ ಮಹಾಯುದ್ಧ ಮುಗಿದ ಮೇಲಿನ ವರ್ಷಗಳಲ್ಲಿ, ನಮ್ಮ ಜಯಚಾಮರಾಜ ಒಡೆಯರು ಹಣ ಕೊಟ್ಟು ಆ ವೃದ್ಧರ ಕೈಯಿಂದಲೇ ಅವುಗಳನ್ನು ನುಡಿಸಿ ತಟ್ಟೆಗಳಾಗಿ ಮಾಡಿಸಿದರು. ಮೆಟ್ನರ್ ತಮ್ಮ ಮೂರನೆಯ ಪಿಯಾನೋ ಕನ್ಸರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದ್ದಾರೆ. 1951ರಲ್ಲಿ ಅವರು ಕಣ್ಣು ಮುಚ್ಚಿದರು. ಒಂದೆರಡು ವರ್ಷ ತಡವಾಗಿದ್ದರೆ ಆ ಕೈಗಳ ನಾದ ಹೋಗಿಬಿಡುತ್ತಿತ್ತು. ಮಹಾರಾಜರ ಮಾತು ಬೇರೆ, ಸ್ಕೂಟರಿಗೆ ಕೂಡಿಡುವ ಗುಮಾಸ್ತನ ಮಾತು ಬೇರೆ ಎಂದು ವಾಚಕರು ಹೇಳಬಹುದು. ನಾನೂ ಹಾಗೆಯೇ ಸಮಾಧಾನ ಹೇಳಿಕೊಳ್ಳಲು ನೋಡಿದೆ. ಆದರೆ ಪೀಟ್ ಶೆಲ್ಲಿಯ ತಂದೆ ಮಹಾರಾಜನೇನಲ್ಲ.

ಹೋದ ಶನಿವಾರ ಮಗು ನನ್ನನ್ನು ಇಂದಿರಾನಗರದ ಕಡೆ ಒಂದು ಚಿಕ್ಕ ಸಭಾಂಗಣಕ್ಕೆ ಕರೆದೊಯ್ದಳು. ನಾಲ್ವರು ಹುಡುಗರ ತಂಡ. ಹೆಸರನ್ನು ಹೇಳಲಾರೆ, ಅವರಿಗೇ ಈ ತಿಂಗಳು ಬೇರೆ ಹೆಸರಿಡುವ ಯೋಚನೆಯಿದೆಯಂತೆ. ಕೋಟೆಯ ಹೈಸ್ಕೂಲಿನ ಮೈದಾನದ ರಾಮೋತ್ಸವಕ್ಕೆ ಹೋಗಿ, ಜಮಖಾನದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ನಡುವೆ ಎದ್ದು ಹೋಗಿ ಬೋಂಡ ತಿಂದು ಬಂದು, ತನಿ ಆವರ್ತನದ ಹೊತ್ತಿಗೆ ಗಡಿಯಾರ ನೋಡುವ ಅಭ್ಯಾಸ ನನ್ನದು. ಇಲ್ಲಿ ಕುರ್ಚಿಯೇ ಇಲ್ಲ. ಎಲ್ಲರೂ ನಿಂತಿದ್ದರು. ಎಣಿಸಿದೆ: ನಲವತ್ತಮೂರು ಜನ, ನನ್ನನ್ನು ಸೇರಿಸಿ. ನನಗಾಗಿ ಒಬ್ಬ ಹುಡುಗ ಎಲ್ಲಿಂದಲೋ ಒಂದು ಸ್ಟೂಲು ತಂದುಹಾಕಿ, “ಅಂಕಲ್, ಸ್ಪೀಕರ್‌ನಿಂದ ಸ್ವಲ್ಪ ದೂರ ಕೂತ್ಕೊಳ್ಳಿ” ಎಂದ. ಒಳ್ಳೆಯ ಹುಡುಗ.

ಮೊದಲ ಎರಡು ಹಾಡು ನನ್ನ ಎದೆಯ ಮೇಲೆ ಒನಕೆಯಿಂದ ಕುಟ್ಟಿದಂತಾಯಿತು. ಸತ್ಯವಾಗಿ ಹೇಳಬೇಕೆಂದರೆ ಅವು ಚೆನ್ನಾಗಿರಲಿಲ್ಲ. ಶಬ್ದವಿದ್ದಷ್ಟು ಸಾಹಿತ್ಯವಿರಲಿಲ್ಲ. ಹೊಸದೆಲ್ಲ ಒಳ್ಳೆಯದೆಂಬ ಭ್ರಮೆ ನನಗಿಲ್ಲ. ಈ ಎರಡು ತಿಂಗಳಲ್ಲಿ ಕೇಳಿದುದರಲ್ಲಿ ಮುಕ್ಕಾಲು ಪಾಲನ್ನು ಎರಡನೆಯ ಸಲ ಕೇಳಲಾರೆ. ಮೂರನೆಯದು ಕನ್ನಡದ ಹಾಡು. ರಾತ್ರಿ ಪಾಳಿಯಿಂದ ಹಿಂದಿರುಗುವ ಕಾವಲುಗಾರನೊಬ್ಬ ಊರಿನಲ್ಲಿರುವ ಹೆಂಡತಿಗೆ ಹೇಳುವ ಸಮಾಚಾರ. ಮೈಸೂರಿನ ಕಡೆಯ ಆಡುಮಾತು, ಸರಳವಾದ ಧಾಟಿ, ಹಿಂದೆ ಗಿಟಾರಿನಲ್ಲಿ ನಾಲ್ಕೇ ಸ್ವರ ಸುತ್ತಿ ಸುತ್ತಿ ಬರುತ್ತಿತ್ತು. ಹಾಡುವ ಹುಡುಗನ ದನಿ ಒಂದು ಕಡೆ ಒಡೆಯಿತು. ಅವನು ನಿಲ್ಲಿಸಲಿಲ್ಲ. ನಾನು ಸ್ಟೂಲಿನಿಂದ ಎದ್ದು ನಿಂತಿದ್ದೆನೆಂದು ಮಗು ಆಮೇಲೆ ಹೇಳಿದಳು, ನನಗೆ ತಿಳಿಯದು.

ಹೊರಬಾಗಿಲ ಬಳಿ ಒಂದು ಮೇಜಿನ ಮೇಲೆ ತಂಡದ ತಟ್ಟೆಗಳನ್ನೂ ಕರಿಯ ಬನಿಯನ್ನುಗಳನ್ನೂ ಇಟ್ಟುಕೊಂಡು, ರೇಷ್ಮೆ ಅಂಚಿನ ಸೀರೆಯುಟ್ಟ ಒಬ್ಬ ತಾಯಿ ಕುಳಿತಿದ್ದರು. ಹಾಡುವ ಹುಡುಗನ ತಾಯಿ. ಚಿಲ್ಲರೆಗೆ ಒಂದು ಸ್ಟೀಲಿನ ಡಬ್ಬಿ.

“ವ್ಯಾಪಾರ ಹೇಗಿದೆಯಮ್ಮ?” ಎಂದೆ.

“ಹನ್ನೊಂದು ಹೋಯ್ತು ಸಾರ್. ಈಗ ತಟ್ಟೆ ಹಾಕೋ ಯಂತ್ರ ಯಾರ ಮನೇಲೂ ಇಲ್ವಲ್ಲ. ಆದ್ರೂ ತಗೋತಾರೆ, ಪಾಪ.”

“ಮುದ್ರಣದ ಖರ್ಚು?”

“ಇವರ ತಂದೆ ಸ್ವಲ್ಪ ಕೊಟ್ರು. ನಮ್ಮ ಚೀಟಿ ದುಡ್ಡು ಸ್ವಲ್ಪ. ಮನೇಲಿ ಇನ್ನೂ ಮುನ್ನೂರು ತಟ್ಟೆ ಇದೆ, ಮಂಚದ ಕೆಳಗೆ.”

ನಮ್ಮ ಮನೆಯಲ್ಲಿಯೂ ಆ ಯಂತ್ರವಿಲ್ಲ. ನಾನು ಎರಡು ತಟ್ಟೆ ತೆಗೆದುಕೊಂಡೆ, ಒಂದು ಬನಿಯನ್ನನ್ನೂ ಕೊಂಡೆ. ಮೊಬೈಲಿನಲ್ಲಿ ಒಂದು ಹಾಡನ್ನು ನಾವು ನೂರು ಸಲ ಕೇಳಿದರೂ ಹಾಡಿದವನ ಕೈಗೆ ಒಂದು ಕಾಫಿಯ ದುಡ್ಡೂ ಬರುವುದಿಲ್ಲವಂತೆ. ಮೇಜಿನ ಮೇಲಿನ ತಟ್ಟೆಯೇ ಅವರಿಗೆ ನೇರವಾಗಿ ಸಲ್ಲುವುದು. ಬನಿಯನ್ನು ತೊಟ್ಟುಕೊಂಡು ಭಾನುವಾರ ತರಕಾರಿಗೆ ಹೋದೆ. ಅದರ ಎದೆಯ ಮೇಲೆ ಬಾಯಿ ತೆರೆದ ಒಂದು ಹಲ್ಲಿಯ ಚಿತ್ರವಿದೆ. ಸೊಪ್ಪಿನವಳು ಬೆಲೆಯಲ್ಲಿ ಎರಡು ರೂಪಾಯಿ ಇಳಿಸಿದಳು. ಕನಿಕರವೋ ಭಯವೋ ತಿಳಿಯಲಿಲ್ಲ.

ಎರಡನೆಯ ತಟ್ಟೆಯನ್ನು ತಮ್ಮನಿಗೆ ಕೊಟ್ಟುಬಂದೆ. ಅವನು ಹೊದಿಕೆಯನ್ನು ಹಿಂದು ಮುಂದಾಗಿ ನೋಡಿದ. ಮುದ್ರಣ ಎಲ್ಲಿ ಮಾಡಿಸಿದರೆಂದು ಓದಿದ. ಡ್ರಮ್ಮು ನುಡಿಸಿದವನ ಹೆಸರನ್ನು ಎರಡು ಸಲ ಓದಿದ. ನಾನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಹೋಗಿದ್ದ ಮಾತುಗಳು ಅಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಏನಾದರೂ ಹೇಳಬೇಕಲ್ಲ ಎಂದು, “ಅಲ್ಲಯ್ಯ, ಆಗ ಕೊಟ್ಟಿಗೆಯಲ್ಲಿ ನುಡಿಸ್ತಿದ್ದಿರಲ್ಲ, ನಿಮ್ಮ ಬ್ಯಾಂಡಿಗೆ ಏನು ಹೆಸರಿಟ್ಟಿದ್ದಿರಿ? ನಾನು ಕೇಳಲೇ ಇಲ್ಲ” ಎಂದೆ.

“ಇಟ್ಟಿರಲಿಲ್ಲ ಅಣ್ಣ” ಎಂದ. “ಕ್ಯಾಸೆಟ್ಟು ಬಂದ ಮೇಲೆ ಇಡೋಣ ಅಂದುಕೊಂಡಿದ್ವಿ.”

ಬರುವ ಶನಿವಾರ ಬೇರೊಂದು ತಂಡದ ಕಾರ್ಯಕ್ರಮವಿದೆ. ಮೂರು ಟಿಕೀಟು ತೆಗೆದಿರಿಸುವಂತೆ ಮಗುವಿಗೆ ಹೇಳಿದ್ದೇನೆ. ತಮ್ಮ ಬರುತ್ತೇನೆಂದು ಇನ್ನೂ ಹೇಳಿಲ್ಲ. ಅಲ್ಲಿ ಸ್ಟೂಲುಗಳು ಎಷ್ಟಿವೆಯೆಂದು ಮಾತ್ರ ಕೇಳಿದ್ದಾನೆ.